ಸರ್ಕಾರಿ ವಕೀಲರು ಯಾರ ವಕೀಲರು?

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಒಮ್ಮೆ ಪರಿಚಿತ ವೃದ್ಧರೊಬ್ಬರು ಕೇಳಿದರು: “ಮೇಷ್ಟ್ರೇ, ಏಟು ತಿಂದೋನು ನಾನು. ನನ್ನ ಕಡೆ ಮಾತಾಡೋರು ಸರ್ಕಾರಿ ಲಾಯರಂತೆ. ಅವರು ನಮ್ಮೋರಾ, ಸರ್ಕಾರದೋರಾ?” ಕನ್ನಡ ಪಾಠ ಹೇಳುವ ನನಗೆ ಇದು ಶಬ್ದದ ಪ್ರಶ್ನೆಯಾಗಿಯೇ ತೋರಿತು. ಇಂಗ್ಲಿಷಿನ ‘ಪಬ್ಲಿಕ್ ಪ್ರಾಸಿಕ್ಯೂಟರ್’ ಸಾರ್ವಜನಿಕರಿಗೆ ಸೇರಿದವನು. ಕನ್ನಡಕ್ಕೆ ಬಂದಾಗ ಆತನೇ ‘ಸರ್ಕಾರಿ ವಕೀಲ’ನಾದನು. ಅನುವಾದವು ಎಡವಿತೆನ್ನಬೇಕೋ, ಅರಿಯದೆಯೇ ನಿಜವನ್ನು ನುಡಿಯಿತೆನ್ನಬೇಕೋ!

ಕಾನೂನಿನ ಆಶಯವೇನೋ ಉದಾತ್ತವಾದುದೇ. ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಅರ್ಹರ ಪಟ್ಟಿಯನ್ನು ಸಿದ್ಧಪಡಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯು ವಿಧಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ 1990ರಲ್ಲಿ ಉತ್ತರ ಪ್ರದೇಶದ ಸರ್ಕಾರವು ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನೂ ಒಂದೇ ಸುತ್ತೋಲೆಯಿಂದ ತೆಗೆದುಹಾಕಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು.

ಇದಕ್ಕಿಂತಲೂ ವಿಚಿತ್ರವಾದ ಪ್ರಸಂಗ ನಮ್ಮ ಬೆಂಗಳೂರಿನದು. ತಮಿಳುನಾಡಿನ ಜಯಲಲಿತಾ ಅವರ ಮೇಲಿನ ಅಕ್ರಮ ಆಸ್ತಿಯ ಮೊಕದ್ದಮೆಯು, ಅಲ್ಲಿ ನ್ಯಾಯಯುತ ವಿಚಾರಣೆ ನಡೆಯಲಾರದೆಂಬ ಶಂಕೆಯಿಂದ, 2003ರಲ್ಲಿ ಇಲ್ಲಿಗೆ ವರ್ಗವಾಯಿತು. ವಿಶೇಷ ಅಭಿಯೋಜಕರಾಗಿದ್ದ ಬಿ. ವಿ. ಆಚಾರ್ಯರು 2012ರಲ್ಲಿ ಅಡ್ವೊಕೇಟ್ ಜನರಲ್ ಎಂಬ ದೊಡ್ಡ ಪದವಿಯನ್ನೇ ಬಿಟ್ಟು ಈ ಹೊಣೆಯನ್ನು ಉಳಿಸಿಕೊಂಡರು. ಕೆಲವೇ ತಿಂಗಳಲ್ಲಿ ಅದಕ್ಕೂ ರಾಜೀನಾಮೆಯಿತ್ತರು. 2013ರ ಫೆಬ್ರವರಿಯಲ್ಲಿ ಭವಾನಿ ಸಿಂಗರು ಬಂದರು. ಮೇ ತಿಂಗಳಲ್ಲಿ ರಾಜ್ಯದ ಸರ್ಕಾರ ಬದಲಾಯಿತು. ಆಗಸ್ಟಿನಲ್ಲಿ ಅವರ ನೇಮಕವನ್ನು ಹಿಂತೆಗೆದುಕೊಳ್ಳಲಾಯಿತು. ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಾರು? ಸಾಕ್ಷಾತ್ ಆರೋಪಿಯೇ! ತನ್ನ ಎದುರಾಳಿಯ ವಕೀಲನನ್ನು ಉಳಿಸಿಕೊಡಿರೆಂದು ಆರೋಪಿ ಬೇಡುವ ದೃಶ್ಯವನ್ನು ಯಾವ ಪ್ರಹಸನಕಾರನೂ ಕಲ್ಪಿಸಲಾರನೇನೋ. ಸೆಪ್ಟೆಂಬರ್ 30ರಂದು ನ್ಯಾಯಾಲಯವು ಸರ್ಕಾರದ ಆಜ್ಞೆಯನ್ನು ದುರುದ್ದೇಶದ್ದೆಂದು ತಳ್ಳಿಹಾಕಿತು. ಅದೇ ಅಭಿಯೋಜಕರ ಕಾಲದಲ್ಲಿಯೇ, 2014ರ ಸೆಪ್ಟೆಂಬರ್ 27ರಂದು, ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಅವರು ಶಿಕ್ಷೆ ವಿಧಿಸಿದರೆಂಬುದನ್ನೂ ವಾಚಕರು ಮರೆಯಬಾರದು.

ಮೇಲ್ಮನವಿಯಲ್ಲಿ ಅವರನ್ನೇ ನೇಮಿಸಿದ್ದು ತಮಿಳುನಾಡಿನ ಸರ್ಕಾರ. ಅದಕ್ಕೆ ಆ ಅಧಿಕಾರವಿಲ್ಲ, ಕರ್ನಾಟಕಕ್ಕೆ ಮಾತ್ರವೇ ಉಂಟೆಂದು 2015ರ ಏಪ್ರಿಲ್ 27ರಂದು ತೀರ್ಪು ಬರುವಷ್ಟರಲ್ಲಿ ಹೈಕೋರ್ಟಿನಲ್ಲಿ ವಾದವೇ ಮುಗಿದಿತ್ತು. ಮತ್ತೆ ಬಂದ ಆಚಾರ್ಯರಿಗೆ ದೊರೆತದ್ದು ಲಿಖಿತ ವಾದವೊಂದೇ, ಅದೂ ಒಂದು ದಿನದ ಗಡುವಿನಲ್ಲಿ. ಮೇ 11ರಂದು ಎಲ್ಲರೂ ಬಿಡುಗಡೆಯಾದರು. 2017ರ ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯವು ಸಹಾರೋಪಿಗಳ ಶಿಕ್ಷೆಯನ್ನು ಮರಳಿ ಸ್ಥಾಪಿಸುವ ವೇಳೆಗೆ ಜಯಲಲಿತಾ ಅವರು ತೀರಿಕೊಂಡು ಎರಡು ತಿಂಗಳು ಕಳೆದಿದ್ದವು.

ಬಸ್ ನಿಲ್ದಾಣದ ಆ ವೃದ್ಧರ ಮೊಕದ್ದಮೆ ಅಂದು ಮುಂದಕ್ಕೆ ಹೋಗಿತ್ತು. ಹೊಸದಾಗಿ ಬಂದ ವಕೀಲರು ಕಡತವನ್ನು ಇನ್ನೂ ಓದಿರಲಿಲ್ಲವಂತೆ.