ಅಮೃತಬಳ್ಳಿ ಎಲ್ಲರಿಗೂ ಅಮೃತವೇ?

ಆಮವಾತದಿಂದ ಬಳಲುತ್ತಿದ್ದ ತಾಯಿಯೊಬ್ಬರು ಕಳೆದ ವರ್ಷ ನನ್ನ ಚಿಕಿತ್ಸಾಲಯಕ್ಕೆ ಬಂದರು. ಕಣ್ಣು ಹಳದಿಯಾಗಿತ್ತು. ಮೆಥೊಟ್ರೆಕ್ಸೇಟ್ ಮಾತ್ರೆಯ ಜೊತೆಗೆ ಮೂರು ತಿಂಗಳಿಂದ ದಿನವೂ ಅಮೃತಬಳ್ಳಿಯ ಕಷಾಯ ಸೇವಿಸುತ್ತಿದ್ದರಂತೆ. “ಬೇವಿನ ಮರಕ್ಕೆ ಹಬ್ಬಿದ ಬಳ್ಳಿ ಡಾಕ್ಟರೇ, ಅದರಿಂದ ತೊಂದರೆಯಾದೀತೇ?” ಎಂದು ಕೇಳಿದರು. ಕಷಾಯ ನಿಲ್ಲಿಸಿ, ಅಂದೇ ಯಕೃತ್ತಿನ ತಜ್ಞರಲ್ಲಿಗೆ ಕಳುಹಿಸಿದೆ. ಮೆಥೊಟ್ರೆಕ್ಸೇಟ್ ಕೂಡ ಯಕೃತ್ತಿಗೆ ಭಾರವಾಗಬಲ್ಲದು. ಆದುದರಿಂದ ದೋಷ ಯಾವುದರದ್ದೆಂದು ಖಚಿತವಾಗಿ ಹೇಳುವುದು ನನ್ನಿಂದಾಗಲಿಲ್ಲ.

ಆಮವಾತ, ಲೂಪಸ್ ಮುಂತಾದ ಆಟೋಇಮ್ಯೂನ್ ಕಾಯಿಲೆಗಳಲ್ಲಿ ರೋಗನಿರೋಧಕ ಶಕ್ತಿ ಕುಂದಿರುವುದಿಲ್ಲ. ಅದು ದಾರಿ ತಪ್ಪಿ, ಕಾಯಬೇಕಾದ ದೇಹದ ಮೇಲೆಯೇ ಎರಗುತ್ತದೆ. ಆಧುನಿಕ ಔಷಧಗಳು ಅದನ್ನು ಹದ್ದಿನಲ್ಲಿಡಲು ಯತ್ನಿಸುತ್ತಿರುವಾಗ, ಅದನ್ನೇ ಪ್ರಚೋದಿಸುವ ಮೂಲಿಕೆಯನ್ನು ಸೇವಿಸುವುದೆಂದರೆ ಒಂದೇ ನೊಗದ ಎರಡು ಎತ್ತುಗಳನ್ನು ಎರಡು ದಿಕ್ಕಿಗೆ ಹೊಡೆದಂತೆ.

ಕೋವಿಡ್ ಕಾಲದಲ್ಲಿ ಈ ಕಷಾಯ ಮನೆಮನೆಯ ಪಾನೀಯವಾಯಿತು. ಅಮೃತಬಳ್ಳಿ ಸೇವಿಸಿ ಯಕೃತ್ತು ಕೆಟ್ಟ ಆರು ರೋಗಿಗಳ ವಿವರವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂದಿತು. ಅನೇಕರಲ್ಲಿ ಕಂಡದ್ದು ಆಟೋಇಮ್ಯೂನ್ ಸ್ವರೂಪದ ಯಕೃತ್ತಿನ ಉರಿಯೂತ. ಅಡಗಿದ್ದ ಕಾಯಿಲೆಯನ್ನು ಬಳ್ಳಿಯು ಹೊರಗೆಡವಿರಬಹುದೆಂದು ಆ ವೈದ್ಯರ ಅಭಿಪ್ರಾಯ. ಆಯುಷ್ ಸಚಿವಾಲಯ ಇದನ್ನೊಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೊಂದು ಬಳ್ಳಿಯ ಸೇವನೆಯಿಂದ ಹೀಗಾಗಿರಬಹುದೆಂದಿತು. ಆ ಸಾಧ್ಯತೆ ಇದೆ. ಆದರೆ ಹಿತ್ತಿಲಿನಿಂದ ಬಳ್ಳಿ ಕೊಯ್ದು ತರುವ ಗೃಹಿಣಿಗೆ ಆ ಭೇದ ತಿಳಿಯುವುದೆಂತು? ನಮ್ಮ ಶಾಸ್ತ್ರದ ಮೇಲಿನ ಅಭಿಮಾನದಿಂದ ಇಂತಹ ವರದಿಗಳನ್ನು ತಳ್ಳಿಹಾಕುವುದು ವೈದ್ಯಧರ್ಮವಲ್ಲವೆಂದೇ ನನ್ನ ಎಣಿಕೆ.

ವಾತರಕ್ತದಲ್ಲಿ ಗುಡೂಚಿಯನ್ನು ಆಯುರ್ವೇದ ವಿಧಿಸಿದೆ, ನಿಜ. ಆದರೆ ರೋಗಿಯ ಬಲ, ಅಗ್ನಿ, ಕಾಲಗಳನ್ನು ನೋಡಿ, ಇಷ್ಟು ಮಾತ್ರೆ, ಇಷ್ಟು ದಿನ ಎಂದು ಗೊತ್ತುಪಡಿಸಿಯೇ ಕೊಡುವುದು ಕ್ರಮ. ಡಬ್ಬಿಯ ಚೀಟಿ ಓದಿ ತಿಂಗಳುಗಟ್ಟಲೆ ಸೇವಿಸುವುದು ಆಯುರ್ವೇದವೂ ಅಲ್ಲ.

ಅಶ್ವಗಂಧದ ವಿಷಯದಲ್ಲಿಯೂ ಎಚ್ಚರ ಬೇಕು. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಥೈರಾಯ್ಡ್ ಕಾಯಿಲೆಯವರು ತಾವಾಗಿಯೇ ಸೇವಿಸಬಾರದು.

ಇಂತಹ ಕಾಯಿಲೆಯುಳ್ಳವರು ತಾವು ಸೇವಿಸುವ ಚೂರ್ಣ, ಕಷಾಯ, ಮಾತ್ರೆಗಳೆಲ್ಲವನ್ನೂ ಇಬ್ಬರೂ ವೈದ್ಯರಿಗೆ ತೋರಿಸಬೇಕು. ಮೂಲಿಕೆಯ ಭರವಸೆಯಿಂದ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಕೂಡದು, ಪ್ರಾಣಕ್ಕೇ ಅಪಾಯವಾದೀತು. ಹಸಿವಿಲ್ಲದಿರುವುದು, ಮೈ ತುರಿಕೆ, ಮೂತ್ರ ಕಡುಹಳದಿಯಾಗುವುದು ಕಂಡರೆ ಮೂಲಿಕೆಯನ್ನು ಅಂದೇ ಬಿಟ್ಟು, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.