ಸೈನಿಕ ಸೇವೆಯ ನಂತರ ಕಾಲೇಜು ಶಿಕ್ಷಣದ ವೆಚ್ಚ: ಉದ್ಯೋಗದಾತರು ತಿಳಿದಿರಬೇಕಾದ ಸಂಗತಿಗಳು

1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಸ್ಥಾಪನೆಯಾದಂದಿನಿಂದ ಅಲ್ಲಿನ ವ್ಯಾಪಾರವು ಸೈನ್ಯವನ್ನು ಆಶ್ರಯಿಸಿಯೇ ಬೆಳೆದುಬಂದಿದೆ. 1834ರಿಂದ ಈ ನಗರದಲ್ಲಿ ನೆಲೆಸಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವು ಇಂದಿಗೂ ಹಲಸೂರು ಕೆರೆಯ ಮಗ್ಗುಲಲ್ಲಿದೆ. ಪ್ಯಾರಾಚೂಟ್ ರೆಜಿಮೆಂಟ್, ಆರ್ಮಿ ಸರ್ವಿಸ್ ಕೋರ್ ಮತ್ತು ಮಿಲಿಟರಿ ಪೊಲೀಸ್ ದಳಗಳ ತರಬೇತಿ ಕೇಂದ್ರಗಳೂ ಇಲ್ಲಿಯೇ ಇವೆ. ಆದುದರಿಂದ ಶಿವಾಜಿನಗರದ ಗೋದಾಮಿನಲ್ಲಿ, ಇಂದಿರಾನಗರದ ಮಳಿಗೆಯ ಬಾಗಿಲಲ್ಲಿ, ಕೆ.ಆರ್. ಪುರದ ಕಾರ್ಖಾನೆಯ ಲೇತ್ ಯಂತ್ರದ ಮುಂದೆ ಮಾಜಿ ಸೈನಿಕರು ದುಡಿಯುತ್ತಿರುವುದು ವಿಶೇಷವೇನಲ್ಲ. ಮಕ್ಕಳ ಕಾಲೇಜು ಶುಲ್ಕಕ್ಕೆಂದು ಅವರು ಮುಂಗಡ ಕೇಳುವುದೂ ಮಾಲೀಕರಿಗೆ ಪರಿಚಿತವೇ. ಆದರೆ ಆ ಶುಲ್ಕದ ಒಂದು ಪಾಲು ಸರ್ಕಾರದಿಂದಲೇ ಬರಬಹುದೆಂಬ ಸಂಗತಿ ಎಷ್ಟೋ ವೇಳೆ ಕೇಳುವವರಿಗೂ ತಿಳಿದಿರುವುದಿಲ್ಲ, ಕೊಡುವವರಿಗೂ ತಿಳಿದಿರುವುದಿಲ್ಲ.

ಅಮೆರಿಕದಲ್ಲಿ 1944ರ ಕಾನೂನಿನಿಂದ ಮೊದಲ್ಗೊಂಡು, ಸೇವೆ ಮುಗಿಸಿದ ಸೈನಿಕನು ತಾನೇ ಕಾಲೇಜು ಸೇರಿದರೆ ಸರ್ಕಾರವೇ ಶುಲ್ಕ ಭರಿಸುವ ಪದ್ಧತಿ ಇದೆ. ನಮ್ಮ ದೇಶದ ವ್ಯವಸ್ಥೆ ಬೇರೆ. ಇಲ್ಲಿ ಶಿಕ್ಷಣದ ನೆರವು ಬಹುಮಟ್ಟಿಗೆ ಸೈನಿಕನ ಮಕ್ಕಳಿಗೆ ಮತ್ತು ಸೈನಿಕರ ವಿಧವೆಯರಿಗೆ ಸಲ್ಲುತ್ತದೆ. ಹದಿನೈದು ಇಪ್ಪತ್ತು ವರ್ಷ ದುಡಿದು ಪಿಂಚಣಿಯೊಡನೆ ಮರಳುವವನ ಮನೆಯಲ್ಲಿ ಓದುವ ವಯಸ್ಸು ಮಕ್ಕಳದಾದ್ದರಿಂದ ಈ ಏರ್ಪಾಡು ಅಸಂಗತವೆನ್ನಲಾಗದು.

ಇವುಗಳಲ್ಲಿ ಮುಖ್ಯವಾದುದು 2006-07ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆ. ರಾಷ್ಟ್ರೀಯ ರಕ್ಷಣಾ ನಿಧಿಯಿಂದ ನಡೆಯುವ ಈ ಯೋಜನೆಯ ಆಡಳಿತ ಕೇಂದ್ರೀಯ ಸೈನಿಕ ಮಂಡಳಿಯದು. 2019-20ರಲ್ಲಿ ಪರಿಷ್ಕೃತವಾದ ದರದಂತೆ ವಿದ್ಯಾರ್ಥಿನಿಗೆ ತಿಂಗಳಿಗೆ 3,000 ರೂ., ವಿದ್ಯಾರ್ಥಿಗೆ 2,500 ರೂ. ಸಲ್ಲುತ್ತದೆ, ಎಂದರೆ ವರ್ಷಕ್ಕೆ ಕ್ರಮವಾಗಿ 36,000 ಮತ್ತು 30,000 ರೂ. ಎಂಜಿನಿಯರಿಂಗ್, ವೈದ್ಯಕೀಯ, ಬಿ.ಎಡ್., ಬಿ.ಬಿ.ಎ., ಬಿ.ಸಿ.ಎ., ಎಂ.ಬಿ.ಎ. ಮುಂತಾದ ವೃತ್ತಿಪರ ಶಿಕ್ಷಣಕ್ಕೆ ಮಾತ್ರ ಇದು ಅನ್ವಯಿಸುತ್ತದೆ, ಸಾಮಾನ್ಯ ಬಿ.ಎ., ಬಿ.ಕಾಂ. ಇದರ ವ್ಯಾಪ್ತಿಗೆ ಬರುವುದಿಲ್ಲ. ಅರ್ಹತಾ ಪರೀಕ್ಷೆಯಲ್ಲಿ ಶೇಕಡಾ 60 ಅಂಕವಿರಬೇಕು. ಅರ್ಜಿಯನ್ನು ಮೊದಲ ವರ್ಷದಲ್ಲಿಯೇ ಸಲ್ಲಿಸಬೇಕೆಂಬ ನಿಬಂಧನೆ ಅನೇಕರ ಕೈ ತಪ್ಪಿಸುತ್ತದೆ. ಎರಡನೆಯ ವರ್ಷದಲ್ಲಿ ವಿಷಯ ತಿಳಿದ ತಂದೆಗೆ ಪರಿತಾಪವೊಂದೇ ಉಳಿಯುತ್ತದೆ. ಖಾಸಗಿ ಕಾಲೇಜಿನ ಪೂರ್ಣ ಶುಲ್ಕಕ್ಕೆ ಈ ಮೊತ್ತ ಸಾಲದು, ನಿಜ. ಆದರೆ ನಾಲ್ಕು ವರ್ಷದ ಎಂಜಿನಿಯರಿಂಗ್ ಓದಿಗೆ ಮಗಳೊಬ್ಬಳಿಗೆ ಬರುವ 1,44,000 ರೂ. ಬಡ್ಡಿಯ ಸಾಲವನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ.

ಸಾಮಾನ್ಯ ಪದವಿ ಓದುವವರಿಗೆ ರಕ್ಷಣಾ ಸಚಿವರ ಮಾಜಿ ಸೈನಿಕರ ಕಲ್ಯಾಣ ನಿಧಿಯ ಶಿಕ್ಷಣ ಅನುದಾನವಿದೆ. ಹವಾಲ್ದಾರ್ ಹುದ್ದೆಯವರೆಗಿನ ಮಾಜಿ ಸೈನಿಕರ ಇಬ್ಬರು ಮಕ್ಕಳಿಗೆ ಒಂದನೆಯ ತರಗತಿಯಿಂದ ಪದವಿಯವರೆಗೆ ಇದು ದೊರೆಯುತ್ತದೆ. ತಿಂಗಳಿಗೆ 1,000 ರೂ. ಇದ್ದ ಈ ಅನುದಾನವನ್ನು 2025ರ ನವೆಂಬರ್ 1ರಿಂದ ಸಲ್ಲುವ ಅರ್ಜಿಗಳಿಗೆ 2,000 ರೂ.ಗಳಿಗೆ ಏರಿಸಲಾಯಿತು. ಸೈನಿಕರ ವಿಧವೆಯರು ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೂ ಇದನ್ನು ಪಡೆಯಬಹುದು. ಇಲ್ಲಿ ಉದ್ಯೋಗದಾತರು ಗಮನಿಸಲೇಬೇಕಾದ ಅಂಶವೊಂದಿದೆ. ರಾಜ್ಯ ಸರ್ಕಾರದಿಂದಾಗಲಿ ಈಗಿನ ಮಾಲೀಕರಿಂದಾಗಲಿ ಶಿಕ್ಷಣ ಭತ್ಯೆ ಪಡೆದಿಲ್ಲವೆಂದು ಅರ್ಜಿದಾರನು ಬರೆದುಕೊಡಬೇಕಾಗುತ್ತದೆ. ವೇತನ ಪಟ್ಟಿಯಲ್ಲಿ ಸದುದ್ದೇಶದಿಂದಲೇ ‘ಮಕ್ಕಳ ಶಿಕ್ಷಣ ಭತ್ಯೆ’ ಎಂದು ನಾಲ್ಕು ನೂರು ರೂಪಾಯಿ ತೋರಿಸಿದ ಮಾಲೀಕರು ತಿಳಿಯದೆಯೇ ನೌಕರನ ಎರಡು ಸಾವಿರಕ್ಕೆ ಅಡ್ಡಿಯಾಗಬಹುದು. ವೇತನ ರಚನೆಗೆ ಮುನ್ನ ಲೆಕ್ಕಪರಿಶೋಧಕರೊಡನೆ ಈ ವಿಷಯ ಚರ್ಚಿಸುವುದು ಒಳಿತು.

ಇದಲ್ಲದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾಗುವ ವೃತ್ತಿಪರ ಸೀಟುಗಳಲ್ಲಿ ಸೈನಿಕರ ಹಾಗೂ ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ವರ್ಗದಡಿ ಮೀಸಲಾತಿ ಉಂಟು. ಸರ್ಕಾರಿ ಕೋಟಾದ ಸೀಟು ದೊರೆತಲ್ಲಿ ಶುಲ್ಕದಲ್ಲಾಗುವ ಉಳಿತಾಯ ಯಾವ ವಿದ್ಯಾರ್ಥಿವೇತನಕ್ಕಿಂತಲೂ ದೊಡ್ಡದು.

ಅಗ್ನಿವೀರರ ವಿಷಯ ಮಾತ್ರ ಪ್ರತ್ಯೇಕವಾದುದು. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷದ ಸೇವೆಯ ನಂತರ ಶೇಕಡಾ 25ರವರೆಗೆ ಮಾತ್ರ ಸೈನ್ಯದಲ್ಲಿ ಮುಂದುವರಿಯುತ್ತಾರೆ. 2022ರ ಕೊನೆ ಹಾಗೂ 2023ರ ಆರಂಭದಲ್ಲಿ ಸೇರಿದ ಮೊದಲ ತಂಡಗಳ ಅವಧಿ 2026ರ ಕೊನೆಗೆ ಹಾಗೂ 2027ರ ಆರಂಭಕ್ಕೆ ಮುಗಿಯುತ್ತದೆ. ಹೊರಬರುವವರಿಗೆ ಪಿಂಚಣಿಯಿಲ್ಲ, ಮಾಜಿ ಸೈನಿಕರೆಂಬ ಸ್ಥಾನವೂ ಇಲ್ಲ; ಆದುದರಿಂದ ಮೇಲೆ ಹೇಳಿದ ಯೋಜನೆಗಳನ್ನು ಅವರು ನೆಚ್ಚಿಕೊಳ್ಳುವಂತಿಲ್ಲ. ಅವರ ಕೈಗೆ ಬರುವುದು ಸೇವಾ ನಿಧಿ. ತಿಂಗಳ ಮೊತ್ತದ ಶೇಕಡಾ 30ರಂತೆ ನಾಲ್ಕು ವರ್ಷ ಕಡಿತವಾದ ಸುಮಾರು 5.02 ಲಕ್ಷ ರೂ., ಸರ್ಕಾರದ ಅಷ್ಟೇ ಪಾಲು ಮತ್ತು ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂ.; ಇದಕ್ಕೆ ಆದಾಯ ತೆರಿಗೆಯಿಲ್ಲ.

ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿನಲ್ಲಿ ಒಟ್ಟಾಗಿ ಬರುವ ಈ ಹಣ ಮನೆಯ ಹಳೆಯ ಸಾಲಕ್ಕೋ ತಂಗಿಯ ಮದುವೆಗೋ ಕರಗುವುದು ಸುಲಭ. ಪದವಿಗೆ ಅದರಲ್ಲಿ ದೊಡ್ಡ ಪಾಲು ಬೇಕಿಲ್ಲವೆಂಬುದೇ ಸಮಾಧಾನ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಅಗ್ನಿವೀರರಿಗಾಗಿ ರೂಪಿಸಿದ ಮೂರು ವರ್ಷದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೇವೆಯಲ್ಲಿ ಪಡೆದ ತರಬೇತಿಗೇ ಸಲ್ಲುತ್ತದೆ. ಉಳಿದರ್ಧವನ್ನು ದೂರಶಿಕ್ಷಣದಲ್ಲಿ ಓದಿ ಪೂರೈಸಬೇಕು. ಹಗಲು ದುಡಿಯುತ್ತ ಓದಲು ಇದು ಅನುಕೂಲ. ಯಂತ್ರ, ವಾಹನ, ವಿದ್ಯುತ್ ಕೆಲಸ ಬಲ್ಲ, ವೇಳೆಗೆ ಸರಿಯಾಗಿ ಬರುವ ಯುವಕನು ಕೆ.ಆರ್. ಪುರ, ಮಹದೇವಪುರಗಳ ಸಣ್ಣ ಘಟಕಗಳಿಗೆ ಬೇಕಾದವನೇ. ದೊಡ್ಡ ಕಂಪನಿಯ ಸಂಬಳಕ್ಕೆ ಸರಿದೂಗಲಾರದ ಮಾಲೀಕರು ಪರೀಕ್ಷೆಯ ದಿನಗಳಿಗೆ ವೇತನಸಹಿತ ರಜೆಯನ್ನೂ, ಪದವಿಯ ನಂತರ ಮೇಲ್ವಿಚಾರಕನ ಹುದ್ದೆಯನ್ನೂ ನೇಮಕದ ಪತ್ರದಲ್ಲಿಯೇ ಬರೆದುಕೊಟ್ಟರೆ ಆತ ಕನಿಷ್ಠ ಓದು ಮುಗಿಯುವವರೆಗಾದರೂ ನಿಲ್ಲುವ ಸಂಭವ ಹೆಚ್ಚು.

ಮಾಜಿ ಸೈನಿಕರ ಅರ್ಜಿಗಳು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಪರಿಶೀಲನೆಗೆ ಒಳಪಡುತ್ತವೆ. ರಾಜ್ಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯ ಕಾರ್ಯಪ್ಪ ಭವನದಲ್ಲಿದೆ. ಬಿಡುಗಡೆ ಪುಸ್ತಕದಲ್ಲಿರುವ ಮಗುವಿನ ಹೆಸರು, ಜನ್ಮದಿನಾಂಕಗಳು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೊಡನೆ ಹೊಂದದಿದ್ದಲ್ಲಿ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ತಿದ್ದುಪಡಿಯಾಗಬೇಕಾದುದು ಆಯಾ ದಳದ ದಾಖಲೆ ಕಚೇರಿಯಲ್ಲಿ. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಅದು ಬೆಂಗಳೂರಿನಲ್ಲಿಯೇ ಇದೆ. ದಾಖಲೆ ಕಚೇರಿ ಪರ ಊರಿನಲ್ಲಿರುವವರು ಪತ್ರವ್ಯವಹಾರ ನಡೆಸಬೇಕಾಗುವುದರಿಂದ, ಮಗು ಪಿ.ಯು.ಸಿ. ಸೇರಿದ ವರ್ಷವೇ ಈ ಕೆಲಸ ಕೈಗೊಳ್ಳುವುದು ಲೇಸು.