ಮಾದರಿ ವಿಮಾನಕ್ಕೆ ಮೋಟಾರು: ಮೊದಲು ತೂಕ, ಆಮೇಲೆ ಖರೀದಿ

ಬೋರ್‌ವೆಲ್‌ಗೆ ಮೋಟಾರು ಇಳಿಸುವ ರೈತ ಮೊದಲು ನೋಡುವುದು ಆಳ ಎಷ್ಟು, ನೀರು ಎಷ್ಟು ಎಂದು. ಎಚ್‌ಪಿ ಲೆಕ್ಕ ಆಮೇಲಿನದು. ರಿಮೋಟ್‌ನಿಂದ ಹಾರಿಸುವ ಮಾದರಿ ವಿಮಾನಕ್ಕೂ ಇದೇ ಕ್ರಮ. ಕೈಗೆ ಸಿಕ್ಕ ಮೋಟಾರು ಜೋಡಿಸಿದರೆ ವಿಮಾನ ಮೇಲೇಳುವುದಿಲ್ಲ, ಇಲ್ಲವೇ ವೈಂಡಿಂಗ್ ಸುಟ್ಟುಹೋಗುತ್ತದೆ.

ಮೊದಲು ಬ್ಯಾಟರಿ ಸಹಿತ ವಿಮಾನದ ಒಟ್ಟು ತೂಕ ತಿಳಿಯಬೇಕು. ಕಲಿಯುವವರ ವಿಮಾನಕ್ಕೆ ಕಿಲೋಗೆ 150ರಿಂದ 200 ವ್ಯಾಟ್ ಸಾಕು. ಪಲ್ಟಿ ಹೊಡೆಸುವ ವಿಮಾನಕ್ಕೆ 300 ವ್ಯಾಟ್ ಆಸುಪಾಸು ಬೇಕು. ಒಂದು ಕಿಲೋ ತೂಕದ ವಿಮಾನಕ್ಕೆ 200 ವ್ಯಾಟ್ ಎಂದಿಟ್ಟುಕೊಳ್ಳಿ. ಇದು ಕಾಲು ಎಚ್‌ಪಿಗಿಂತ ತುಸು ಹೆಚ್ಚು.

ಮೋಟಾರಿನ ಮೇಲೆ 1000 ಕೆವಿ ಎಂದು ಬರೆದಿರುತ್ತದೆ. ಇದು ಊರಿನ 11 ಕೆವಿ ವಿದ್ಯುತ್ ಲೈನಿನ ಕಿಲೋವೋಲ್ಟ್ ಅಲ್ಲ. ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಮೂರು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ 11.1 ವೋಲ್ಟ್ ಕೊಡುತ್ತದೆ. ಅಂದರೆ 11,100 ಸುತ್ತು. ಪ್ರೊಪೆಲ್ಲರ್ ಹಾಕಿದರೆ ಇದು ಇಳಿಯುತ್ತದೆ. ಕೆವಿ ಹೆಚ್ಚಿದ್ದರೆ ಚಿಕ್ಕ ಪ್ರೊಪೆಲ್ಲರ್, ಕಡಿಮೆಯಿದ್ದರೆ ದೊಡ್ಡದು. ನಿಧಾನವಾಗಿ ಹಾರುವ ತರಬೇತಿ ವಿಮಾನಕ್ಕೆ ದೊಡ್ಡ ಪ್ರೊಪೆಲ್ಲರೇ ಒಳ್ಳೆಯದು.

ಹೆಚ್ಚಿನವರು ಎಡವುವುದು ಇಲ್ಲೇ. 10 ಇಂಚಿನ ಬದಲು 11 ಇಂಚಿನ ಪ್ರೊಪೆಲ್ಲರನ್ನು ಅದೇ ವೇಗದಲ್ಲಿ ತಿರುಗಿಸಲು ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಕರೆಂಟ್ ಏರಿ ಮೋಟಾರು ಕಾಯುತ್ತದೆ. ಆದ್ದರಿಂದ ತಯಾರಕರು ಹೇಳಿದ ಅಳತೆಯನ್ನು ಮೀರಬಾರದು.

200 ವ್ಯಾಟನ್ನು 11.1 ವೋಲ್ಟಿನಿಂದ ಭಾಗಿಸಿದರೆ ಸುಮಾರು 18 ಆಂಪಿಯರ್. ಮೋಟಾರು ಇದನ್ನು ತಾಳಬೇಕು. ವೇಗ ನಿಯಂತ್ರಕ 30 ಆಂಪಿಯರಿನದಿದ್ದರೆ ನಿಶ್ಚಿಂತೆ. 2200 ಎಂಎಎಚ್ ಬ್ಯಾಟರಿ ಪೂರ್ಣ ವೇಗದಲ್ಲಿ ಏಳು ನಿಮಿಷ ಬರುತ್ತದೆ. ಅದಕ್ಕೂ ಮೊದಲೇ ಇಳಿಸುವುದು ಲೇಸು.

ಮನೆಯಲ್ಲಿ ವೈರಿಂಗ್ ಪರೀಕ್ಷಿಸುವಾಗ ಪ್ರೊಪೆಲ್ಲರ್ ಬಿಚ್ಚಿಡಬೇಕು. ತಿರುಗುವ ಅಲಗು ಬೆರಳನ್ನು ಕತ್ತರಿಸಬಲ್ಲದು. ಊದಿಕೊಂಡ ಬ್ಯಾಟರಿ ಬೆಂಕಿ ಹೊತ್ತಿಕೊಳ್ಳಬಹುದು, ಅದನ್ನು ಮತ್ತೆ ಚಾರ್ಜ್ ಮಾಡಬಾರದು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ಹಾರಿಸುವ ಜಾಗ ಹಸಿರು ವಲಯದಲ್ಲಿದೆಯೇ ಎಂದು ಮೊದಲೇ ನಕ್ಷೆಯಲ್ಲಿ ನೋಡಬೇಕು. ಜನ, ದನ, ವಿದ್ಯುತ್ ತಂತಿ ಇಲ್ಲದ ಬಯಲೇ ಇದಕ್ಕೆ ತಕ್ಕ ಜಾಗ.